ಗೆದ್ದವನ ಬಿಲ್ಲು ತಿರುಗಿಸಿದವನು

ದಿನದ ಕೊನೆಯ ಕುಸ್ತಿ ಮುಗಿದ ಮೇಲೆ, ಗೆದ್ದವನ ಪರವಾಗಿ ಒಬ್ಬ ಪೈಲ್ವಾನ ಕಣವೇರಿ ಬಿಲ್ಲು ತಿರುಗಿಸುವವರೆಗೆ ಸುಮೊ ಮುಗಿಯಿತು ಎನ್ನುವಂತಿಲ್ಲ. ಒಂಬತ್ತು ವರ್ಷ ಆ ಬಿಲ್ಲು ತಿರುಗಿಸಿದವನು ಮಿನೆಕಾಝೆ, ಉತ್ತರ ಜಪಾನಿನ ಅಒಮೊರಿಯ ಮೀನುಗಾರರ ಮಗ. ಹದಿನೈದಕ್ಕೆ ಗರಡಿ ಸೇರಿ ಇಪ್ಪತ್ತೆರಡು ವರ್ಷ ಕಾದಾಡಿದರೂ ಸಂಬಳ ಬರುವ ದರ್ಜೆಗೆ ಏರಲಿಲ್ಲ. ಗರಡಿಯ ಅಡುಗೆ ಮಾತ್ರ ಅವನ ಕೈಯಲ್ಲೇ ಉಳಿಯಿತು.

ಮೊದಲ ಸಲ ಬಿಲ್ಲು ಕೊಡುವಾಗ ಗುರು ಕೇಳಿದ್ದರು: "ಬಿಲ್ಲು ಹಿಡಿದೋರು ಮೇಲೆ ಬರಲ್ಲ ಅಂತಾರೆ. ಭಯ ಇಲ್ವೇನೋ?"

"ಹಿಡೀದೇ ಇದ್ದಾಗ್ಲೂ ಬರ್ಲಿಲ್ವಲ್ಲ ಗುರುಗಳೇ!"

ಅಂಗಳದಲ್ಲಿ ಬಟ್ಟೆ ಒಣಗಿಸುವ ಬಿದಿರಿನ ಗಳ ಹಿಡಿದು ಅಭ್ಯಾಸ ಮಾಡಿದ. ಎರಡು ಕಿಟಕಿಗಳ ಗಾಜು ಹೋಯಿತು.

ಅವನ ಕೊನೆಯ ಪಂದ್ಯಾವಳಿ ಒಸಾಕಾದಲ್ಲಿ. ಕಡೆಯ ದಿನ ಅವನದೇ ಗರಡಿಯ ಅಗ್ರಪೈಲ್ವಾನ ತಾಕೆನೋಮಿನೆ ಗೆದ್ದು ಪ್ರಶಸ್ತಿಯನ್ನೂ ಗಳಿಸಿದ. ಮಿನೆಕಾಝೆ ಕಣವೇರಿದ. ಭುಜ ನೋಯುತ್ತಿತ್ತು. ತಲೆಯ ಹಿಂದೆ ತಿರುಗುತ್ತಿದ್ದ ಬಿಲ್ಲು ಜಾರಿ ಮಣ್ಣಿಗೆ ಬಿತ್ತು.

ಇಡೀ ಸಭಾಂಗಣ ಉಸಿರು ಹಿಡಿಯಿತು. ಕಣದಲ್ಲಿ ಕೈ ನೆಲ ಮುಟ್ಟಿದರೆ ಸೋತಂತೆ. ಬಿಲ್ಲನ್ನು ಕಾಲಿನಿಂದಲೇ ಎತ್ತಬೇಕು. ಪಾದ ತೂರಿಸಿ ಚಿಮ್ಮಿಸಿದ; ತಪ್ಪಿತು. ಎರಡನೆಯ ಸಲ ಬಿಲ್ಲು ನೆಟ್ಟಗೆ ಮೇಲೆದ್ದು ಅಂಗೈಗೆ ಬಂತು. ಅವನು ಕಾಲೆತ್ತಿ ನೆಲಕ್ಕೆ ಅಪ್ಪಳಿಸಿದಾಗ ಸಾವಿರಾರು ಗಂಟಲುಗಳು ವಾಡಿಕೆಯಂತೆ ಒಟ್ಟಿಗೆ "ಯೊಯ್‌ಶೋ!" ಎಂದವು. ಅಷ್ಟು ಜೋರಿನ ಕೂಗನ್ನು ಒಂಬತ್ತು ವರ್ಷದಲ್ಲಿ ಅವನು ಕೇಳಿರಲಿಲ್ಲ.

ಒಳಗೆ ಬಂದವನೇ ತಾಕೆನೋಮಿನೆಯ ಮುಂದೆ ಮಂಡಿಯೂರಿದ. "ನಿಮ್ಮ ಗೆಲುವಿನ ದಿನಾನೇ ಹಾಳ್ಮಾಡ್ಬಿಟ್ಟೆ. ಕ್ಷಮಿಸ್ಬೇಕು."

"ಏಳಿ ಮಿನೆಯಣ್ಣ! ನಾನು ಗೆದ್ದಾಗ್ಲೂ ಜನ ಅಷ್ಟು ಕೂಗಿಲ್ಲ, ಹೊಟ್ಟೆಕಿಚ್ಚಾಗ್ತಿದೆ," ಎಂದು ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ: "ನಾನು ಹೊಸಬ ಆಗಿದ್ದಾಗ ಊಟಕ್ಕೆ ಕೊನೇಲಿ ಕೂರ್ತಿದ್ದೆ, ಪಾತ್ರೇಲಿ ಬರೀ ನೀರು ಉಳಿದಿರೋದು. ನೀವು ನಂಗೆ ಅಂತ ಕೋಳಿ ತುಂಡು ತೆಗೆದಿಡ್ತಿದ್ರಿ. ಓಡಿಹೋಗ್ಬೇಕು ಅಂತಿದ್ದೋನು ಅದಕ್ಕೇ ಉಳ್ಕೊಂಡೆ."

ಮಿನೆಕಾಝೆಗೆ ಅದು ನೆನಪೇ ಇರಲಿಲ್ಲ. ಎಷ್ಟೋ ಹುಡುಗರಿಗೆ ಹಾಗೆ ತೆಗೆದಿಟ್ಟಿದ್ದ.

ಪ್ರಶಸ್ತಿಯ ಫೋಟೊಗೆ ಎಲ್ಲರೂ ಸೇರಿದಾಗ ತಾಕೆನೋಮಿನೆ ಅವನನ್ನು ಎಳೆದು ಪಕ್ಕದಲ್ಲೇ ಕೂರಿಸಿಕೊಂಡ. ಗೆದ್ದವನು ಶುಭಕ್ಕೆಂದು ಹಿಡಿಯುವ ದೊಡ್ಡ ಕೆಂಪು ಮೀನನ್ನು ಇಬ್ಬರೂ ಸೇರಿ ಎತ್ತಿ ಹಿಡಿದರು. ಕ್ಯಾಮೆರಾದವನು ನಗಿ ಎಂದ. ಮಿನೆಕಾಝೆ ಅಳುತ್ತಲೇ, "ಇಷ್ಟು ವರ್ಷ ಇಟ್ಕೊಂಡ್ರಲ್ಲ, ಉಪಕಾರ ಆಯ್ತು" ಎಂದು ಒಬ್ಬೊಬ್ಬರಿಗೂ ತಲೆ ಬಾಗಿಸುತ್ತಿದ್ದ.