ದೇವಿ ಡಾಕ್ಟರ ತಕರಾರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸುಟ್ಟು ಕರ್ರಗಾಗಿದ್ದವು. ಸ್ಪಿರಿಟ್ ದೀಪದ ಉರಿಗೆ ಸೂಜಿ ಹಿಡಿದೂ ಹಿಡಿದೂ ಹಾಗಾಗಿತ್ತು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚಲು ಶಿಗ್ಗಾಂವಿಯಿಂದ ಸೈಕಲ್ ತುಳಿದು ನಮ್ಮ ಹಿರೇಬೆಂಡಿಗೇರಿಗೆ ಬರುತ್ತಿದ್ದ ಸರಕಾರಿ ನೌಕರರು. ಡಾಕ್ಟರಿಕೆ ಓದಿದವರಲ್ಲ, ಆದರೂ ಸಿಡುಬಿಗೆ ‘ದೇವಿ’ ಎನ್ನುವ ನಮ್ಮ ಊರಿಗೆಲ್ಲ ಅವರು ‘ದೇವಿ ಡಾಕ್ಟರು’.

ಅಷ್ಟು ನಿಧಾನದ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ. ಒಂದು ಕೂಸಿಗೆ ಚುಚ್ಚಿದರೆ ಸೂಜಿ ಒರೆಸಬೇಕು, ಕಾಸಬೇಕು, ಆರುವ ತನಕ ಸುಮ್ಮನೆ ಕೂರಬೇಕು, ಆಮೇಲೆ ಇನ್ನೊಂದು ಕೂಸು. ಹೊಲಕ್ಕೆ ಹೊರಟ ಹೆಂಗಸರು ಗೊಣಗುತ್ತಿದ್ದರು. “ಒಬ್ಬರ ರಕ್ತ ಒಬ್ಬರಿಗೆ ಹತ್ತಬಾರದ್ರಿ ಯವ್ವಾ, ರೋಗ ದಾಟತಾವ. ಸರಕಾರದ ಹುಕುಂ ಐತಿ,” ಎನ್ನುತ್ತಿದ್ದರು ಡಾಕ್ಟರು. ಆ ಹುಕುಂ ಅವರ ಬಾಯಲ್ಲಿ ಬೇಡಿಕೊಂಡಂತೆ ಕೇಳುತ್ತಿತ್ತು.

ಒಮ್ಮೆ ಚಾವಡಿಯಲ್ಲಿ ಗದ್ದಲವೋ ಗದ್ದಲ. ಮೈತುಂಬ ಹುಣ್ಣಾಗಿದ್ದ ಕೂಸೊಂದಕ್ಕೆ ಚುಚ್ಚಿದ ಸೂಜಿಯನ್ನು ಕಾಸದೆಯೇ ನನ್ನ ತಂಗಿಯ ತೋಳಿಗೆ ಚುಚ್ಚಿಬಿಟ್ಟರು. ಯಾರೂ ನೋಡಿರಲಿಲ್ಲ. ಅವರೇ ಸೂಜಿ ಕೆಳಗಿಟ್ಟು ಅವ್ವನಿಗೆ ಹೇಳಿದರು: “ತಪ್ಪಾತ್ರಿ ಯವ್ವಾ. ಸೂಜಿ ಕಾಸಲಿಲ್ಲ.”

ಅಪ್ಪ ಕೆಂಡಾಮಂಡಲವಾದ. ಮರುದಿನವೇ ತಕರಾರು ಕೊಡಲು ಶಿಗ್ಗಾಂವಿಯ ಕಚೇರಿಗೆ ಹೋದ. ಅಲ್ಲಿನ ಸಾಹೇಬರು ಒಂದು ಕಾಗದ ಮುಂದಿಟ್ಟು, “ನೀವೇನ ಕೊಡತೀರಿ? ನಿನ್ನೆ ಸಂಜೀಕ ಅವರ ತಮ್ಮ ಮ್ಯಾಲ ತಾವ ಬರದು ಕೊಟ್ಟಾರ,” ಎಂದರಂತೆ. ಅಪ್ಪ ತಕರಾರು ಕೊಡದೆಯೇ ಮನೆಗೆ ಬಂದ.

ಆಮೇಲೆ ಒಂದು ತಿಂಗಳು ಅವರು ದಿನ ಬಿಟ್ಟು ದಿನ ಬಂದರು. ತಂಗಿಯ ಹಣೆ ಮುಟ್ಟಿ, ಕಂಕುಳಲ್ಲಿ ಗಡ್ಡೆ ಎದ್ದಿದೆಯೇ ನೋಡಿ, “ನಾಡದ ಬರ್ತೇನಿ,” ಎಂದು ಹೋಗುವರು. ಅಪ್ಪ ಅವರನ್ನು ಕಂಡರೆ ಹಿತ್ತಲಿಗೆ ನಡೆಯುತ್ತಿದ್ದ. ಅವ್ವ ಒಮ್ಮೆ ಕೇಳಿದಳು: “ಬರದು ಯಾಕ ಕೊಟ್ರಿ? ಯಾರಿಗೆ ಗೊತ್ತಾಗತಿತ್ತು?”

“ಮುಂದ ಈಕಿಗೆ ಏನರ ಆದ್ರ, ಯಾತರಿಂದ ಆತು ಅಂತ ಹುಡುಕೋರಿಗೆ ಗೊತ್ತಾಗಬೇಕಲ್ರಿ.”

ತಂಗಿಗೆ ಏನೂ ಆಗಲಿಲ್ಲ. ಅವರ ಬಡ್ತಿ ಮಾತ್ರ ತಪ್ಪಿತು, ದೂರದ ಹಿರೇಕೆರೂರಿಗೆ ವರ್ಗವಾಯಿತು. ಮುಂದಿನ ವರ್ಷ ಬಂದವರು ಚುರುಕಾಗಿದ್ದರು, ಚಹಾದ ಹೊತ್ತಿಗೆ ಒಂದು ಓಣಿ ಮುಗಿಸಿದರು. ನನಗೆ ಆ ನಿಧಾನವೇ ಬೇಕೆನಿಸಿ ಅಳು ಬಂದಿತ್ತು.

ತಂಗಿಯ ಮದುವೆಯ ವರ್ಷ, ಹಿರೇಕೆರೂರಿನ ಬೀಗರೊಬ್ಬರು ದೇವಿ ಡಾಕ್ಟರು ತೀರಿಕೊಂಡ ಸುದ್ದಿ ತಂದರು. ಉಣ್ಣುತ್ತಿದ್ದ ಅಪ್ಪ ಕೈ ತೊಳೆದುಕೊಂಡ. ಅವ್ವನನ್ನು ಕೇಳಿದ: “ನಾ ತಕರಾರ ಕೊಡಾಕ ಹೋಗಿದ್ದು ಅವರಿಗೆ ಗೊತ್ತಿತ್ತೇನ?”

“ಗೊತ್ತಿತ್ತರಿ,” ಎಂದಳು ಅವ್ವ. “ಗೊತ್ತಿದ್ದೂ ಬರತಿದ್ರು.”