ಮಹಡಿ ಹುಡುಗಿಯ ಕೆಂಪಕ್ಷರ

ಆಲ್ಕೊಳದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ, ವೆಬ್‌ಸೈಟಿನಲ್ಲಿ ಜನ ತುಂಬುವ ಫಾರಂ ತಯಾರಿಸುವ ಕೆಲಸ ಮಾಡುತ್ತಿದ್ದಳು. ಪಿನ್‌ಕೋಡ್ ತಪ್ಪು ತುಂಬಿದರೆ ಆ ಖಾನೆಯ ಕೆಳಗಷ್ಟೇ ಕೆಂಪಕ್ಷರ ಬರುತ್ತಿತ್ತು. ಸರಿಯಾಗಿ ತುಂಬಿದ್ದು ಹಾಗೇ ಉಳಿಯುತ್ತಿತ್ತು. "ತಪ್ಪು ಎಲ್ಲಿದೆಯೋ ಅಲ್ಲೇ ಹೇಳ್ಬೇಕು ಅಜ್ಜಿ," ಎನ್ನುತ್ತ ಕನ್ನಡಕ ಮೇಲಕ್ಕೇರಿಸುವಳು.

ಒಂದು ದಿನ ಭದ್ರಾವತಿಯಿಂದ ಅವಳಪ್ಪ ಬಂದು ಕೂಗಾಡಿದರು. "ಒಬ್ಳೇ ಇದ್ದು ಪೂರ್ತಿ ಹಾಳಾಗಿದೀಯ. ಬಟ್ಟೆ ಕಟ್ಕೊಂಡು ಮನೆಗೆ ನಡಿ."

ಅವಳು ಕನ್ನಡಕ ಏರಿಸಿದಳು. "ಪೂರ್ತಿ ಅನ್ಬೇಡಪ್ಪ. ಎಲ್ಲಿ ತಪ್ಪಿದೆ, ಅದನ್ನ ಹೇಳು."

ಅವರು ಬಹಳ ಯೋಚಿಸಿದರು. "ಭಾನುವಾರ ಊಟಕ್ಕೆ ಬರಲ್ಲ ನೀನು."

"ಬರ್ತೀನಿ. ಇನ್ನೇನು?"

ಇನ್ನೇನೂ ಇರಲಿಲ್ಲ. ನಾನು ಕೊಟ್ಟ ಕಾಫಿ ಕುಡಿದು ಒಬ್ಬರೇ ಬಸ್ಸಿಗೆ ಹೊರಟರು. ಹೋಗುವಾಗ ನನಗೆ, "ಸಕ್ಕರೆ ಒಂಚೂರು ಕಡಿಮೆ ಆಯ್ತಮ್ಮ. ಡಿಕಾಕ್ಷನ್ ಚೆನ್ನಾಗಿತ್ತು," ಎಂದರು.