ಭಾವನವರು ತೊಳೆದ ಮೈಕು

ನನ್ನ ಮೊಮ್ಮಗಳು ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತಾಳಂತೆ. ಹಾಡುವುದು ಬೇರೆ ಯಾವುದೂ ಅಲ್ಲ, ನನ್ನ ಅವ್ವ ಹಾಡುತ್ತಿದ್ದ ಜೋಗುಳ. ಇದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಮೈಕು ಆರಿಸುವ ಕೆಲಸಕ್ಕೆ ಅವಳ ಗಂಡ ಕೂತಿದ್ದಾನೆ. ಉದ್ದದ್ದು, ಗುಂಡಗಿನದು, ಕಂಠಕ್ಕೊಂದು, ತಂತಿವಾದ್ಯಕ್ಕೊಂದು ಅಂತ ದಿನಾ ಹೊಸ ಚಿತ್ರ ತೋರಿಸುತ್ತಾನೆ. ಹಾಡುವವಳನ್ನು ಮಾತ್ರ ಒಂದು ಮಾತೂ ಕೇಳಿಲ್ಲ. ಮೈಕು ಕಂಡರೆ ನಮ್ಮ ಮನೆ ಗಂಡಸರಿಗೆ ಇದ್ದ ಬುದ್ಧಿಯೂ ಹಾರಿಹೋಗುತ್ತದೆ. ಇದನ್ನು ನಾನು ಅರವತ್ತರ ದಶಕದಲ್ಲೇ ಕಣ್ಣಾರೆ ಕಂಡಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ನಾನು ಚೊಚ್ಚಲ ಬಸುರಿ. ಶಿವಮೊಗ್ಗದಲ್ಲಿದ್ದ ಅವ್ವನಿಗೆ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ, ಧ್ವನಿ ಹೇಗಾಗುತ್ತದೋ ಹೇಳಲಾರೆ ಅಂದಿದ್ದರು ಡಾಕ್ಟರು. ನಮ್ಮ ಕೇರಿಯ ಅದೆಷ್ಟು ಕೂಸುಗಳು ಅವ್ವನ ಜೋಗುಳಕ್ಕೆ ಮಲಗಿದ್ದವೋ! ನನ್ನ ಕೂಸಿಗೆ ಮಾತ್ರ ಅದು ಇಲ್ಲದೆ ಹೋಗುತ್ತದಲ್ಲ ಅಂತ ನಾನು ಒಲೆ ಮುಂದೆ ಕೂತು ಅಳುತ್ತಿದ್ದೆ. ಅದನ್ನು ನೋಡಲಾರದೆ ನಮ್ಮನೆಯವರು ಅವರ ಅಣ್ಣನಿಗೆ ಹೇಳಿದರು. ತಪ್ಪಾದದ್ದು ಅಲ್ಲೇ.

ಈ ಭಾವನವರು ಕಾರ್ಖಾನೆಯ ಆಫೀಸಿನಲ್ಲಿದ್ದರು. ನ್ಯೂ ಟೌನಿನಲ್ಲಿ ಯಾವ ಸಮಾರಂಭ ನಡೆದರೂ ಮೈಕಿನ ತಲೆಗೆ ಬೆರಳಿನಿಂದ ಕುಟ್ಟಿ "ಹಲೋ, ಹಲೋ" ಅನ್ನುವ ಕೆಲಸ ಇವರದು. ಹಾಗೆ ಕುಟ್ಟಿಕುಟ್ಟಿಯೇ ತಮಗೆ ಸಂಗೀತ ಬಂದುಬಿಟ್ಟಿದೆ ಎಂದು ನಂಬಿದ್ದರು. ಇಷ್ಟಾದರೂ ಅವರ ಕೈಯಲ್ಲಿ ಒಂದು ಕೆಲಸ ಆಗಿದ್ದು ನಿಜ. ಒಬ್ಬ ಆಫೀಸರ ಮನೆಯಿಂದ ಒಂದು ಭಾನುವಾರದ ಮಟ್ಟಿಗೆ ಟೇಪ್ ರೆಕಾರ್ಡರ್ ಕೇಳಿ ತಂದರು. ತೊಟ್ಟಿಲಷ್ಟು ಭಾರದ ಪೆಟ್ಟಿಗೆ, ಮೇಲೆ ಎರಡು ಚಕ್ರ. ಜೊತೆಗೆ ಅಂಗೈಯಗಲದ ಬೂದು ಬಣ್ಣದ ಮೈಕೂ ಇತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಭಾವನವರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಸೋಪಿನ ಡಬ್ಬಿ, ಹಾಡು ಮತ್ತು ಹಾರ್ಮೋನಿಯಂ ಎರಡನ್ನೂ ಹಿಡಿಯಲು ಇದರ ಕೈಲಾಗದು ಅಂತ ತೀರ್ಪು ಕೊಟ್ಟರು. ಹಾರ್ಮೋನಿಯಂ ಬಾರಿಸುವವರು ನಮ್ಮನೆಯವರು. ಜೋಗುಳಕ್ಕೆ ಹಾರ್ಮೋನಿಯಂ ಬೇಕು ಅಂತ ಕೇಳಿದವರು ಯಾರೂ ಇರಲಿಲ್ಲ.

ಅದಕ್ಕೂ ಮುಂಚೆಯೇ ಅವರು ಶಿವಮೊಗ್ಗದ ಮೈಕ್‌ಸೆಟ್ ಅಂಗಡಿಯಿಂದ ದೊಡ್ಡ ಮೈಕೊಂದನ್ನು ಬಾಡಿಗೆಗೆ ತಂದಿದ್ದರು. ಅಂಗಡಿಯ ಸಾಹೇಬರು ಮೈಕುಗಳನ್ನು ಮಾವಿನಹಣ್ಣಿನ ಹಾಗೆ ಸಾಲಾಗಿ ಜೋಡಿಸಿಟ್ಟಿದ್ದರಂತೆ. ಒಂದರಲ್ಲಿ ಮದುವೆ, ಒಂದರಲ್ಲಿ ನಾಟಕ, ಇದರಲ್ಲಿ ಮಾತ್ರ ಮಂತ್ರಿಗಳ ಭಾಷಣ ಎಂದರಂತೆ. ಮಂತ್ರಿಗಳು ಎಂದದ್ದೇ ತಡ, ಭಾವನವರು ಬೇರೆಯದನ್ನು ಮುಟ್ಟಿಯೂ ನೋಡಲಿಲ್ಲ. ಅದು ಹೇಗೆ ಕೇಳುತ್ತದೆ ಎಂದು ವಿಚಾರಿಸುವುದು ಬಿಟ್ಟು ಅದರಲ್ಲಿ ಯಾರು ಒದರಿದ್ದರು ಎಂದು ವಿಚಾರಿಸಿದ ಜಾಣರು.

ಆ ಮೈಕು ಫಳಫಳ ಹೊಳೆಯುತ್ತಿತ್ತು. ಕೋಲಿನ ಮೇಲೆ ನಿಲ್ಲಿಸಿ, ಹಿಂದಿನ ದಿನವೇ ನಮ್ಮನೆಗೆ ಬಂದಿಳಿದಿದ್ದ ಅವ್ವನ ಮುಖದ ಹತ್ತಿರ ತಂದು, ಬಾಯಿ ಹತ್ತಿರ ಇಟ್ಟುಕೊಳ್ಳಿ ಅಂದರು. ಅವ್ವ ಹಿಂದೆ ಸರಿದಳು.

"ಇದಕ್ಕೆ ಎಷ್ಟು ಜನ ಬಾಯಿ ಹಚ್ಚಿದಾರಪ್ಪ?"

"ಮಂತ್ರಿಗಳೇ ಮಾತಾಡಿದಾರೆ ಅಮ್ಮ ಇದರಲ್ಲಿ."

"ಮಂತ್ರಿಗಳಿಗೆ ಉಗುಳು ಇರಲ್ವಾ?"

ಕಂಡವರ ಎಂಜಲಿಗೆ ತಾನು ಬಾಯಿ ಒಡ್ಡುವವಳಲ್ಲ ಅಂತ ಅವ್ವ ಸೆರಗು ಮುಚ್ಚಿ ಕೂತಳು. ಅದೂ ಸೋಮವಾರ ಹಿಡಿದವಳು, ಕೊರಳಲ್ಲಿ ಲಿಂಗ ಕಟ್ಟಿದವಳು. ಆಗ ನಮ್ಮ ಭಾವನವರು ಏನು ಮಾಡಿದರು ಗೊತ್ತೇ? ಮೈಕನ್ನು ಬಚ್ಚಲಿಗೆ ಒಯ್ದು, ತಂಬಿಗೆ ತಂಬಿಗೆ ನೀರು ಹೊಯ್ದು ತೊಳೆದರು. ಬೇರೆ ಮನೆಯಲ್ಲಾದರೆ ಯಾರಾದರೂ ಕೈ ಹಿಡಿಯುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಎಂಜಲು ಅಂದರೆ ತೊಳೆಯುವುದು, ಅಷ್ಟೇ. ಸುತ್ತ ನಿಂತ ನಾವೆಲ್ಲ ಅದೇ ಸರಿ ಅಂತ ನೋಡುತ್ತಿದ್ದೆವು. ನಂತರ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟರು.

"ತಲೆ ಒರೆಸಿ, ನೆಗಡಿ ಆದೀತು" ಅಂದಳು ಅವ್ವ.

ಭಾವನವರು ತಮ್ಮ ಪಂಚೆಯ ಅಂಚಿನಲ್ಲಿ ನಿಜಕ್ಕೂ ಒರೆಸಿದರು. ಪೆಟ್ಟಿಗೆಗೆ ಸಿಕ್ಕಿಸಿದಾಗ ಅದು ಒಂದು ಸಲ ಗುಳುಗುಳು ಅಂದು ಸುಮ್ಮನಾಯಿತು. ಕುಟ್ಟಿದರು, ಊದಿದರು, ಹಲೋ ಅಂದರು. ಮಂತ್ರಿಗಳ ಮೈಕು ಉಸಿರೆತ್ತಲಿಲ್ಲ. ಸಂಜೆಗೆ ಪೆಟ್ಟಿಗೆಯನ್ನು ಹಿಂದಿರುಗಿಸಬೇಕು, ಮಂಗಳವಾರ ಅವ್ವ ಆಸ್ಪತ್ರೆ ಸೇರಬೇಕು. ಭಾವನವರೋ ಶಿವಮೊಗ್ಗದ ಬಸ್ಸು ಹಿಡಿದು ಇನ್ನೂ ದೊಡ್ಡದೊಂದು ತರುತ್ತೇನೆ ಅಂತ ಚಪ್ಪಲಿ ಹುಡುಕುತ್ತಿದ್ದರು.

ಭಾವನ ಎದುರು ನಿಂತು ಸೊಸೆಯರು ಮಾತಾಡುವ ಕಾಲವಲ್ಲ ಅದು. ನಾನು ಮಾತಾಡಿದೆ.

"ಭಾವ, ಆ ಸೋಪಿನ ಡಬ್ಬಿಗೆ ಇನ್ನೂ ಯಾರೂ ಬಾಯಿ ಹಚ್ಚಿಲ್ಲ. ಅದನ್ನೇ ಕೊಡಿ."

ನಮ್ಮನೆಯವರು ಹಾರ್ಮೋನಿಯಂ ಮನೆಗಳನ್ನು ಎಣಿಸುವವರ ಹಾಗೆ ತಲೆ ತಗ್ಗಿಸಿದರು. ಭಾವನವರು ಡಬ್ಬಿಯನ್ನು ನನ್ನ ಕೈಗೆ ಕೊಡದೆ ಚಾಪೆಯ ಮೇಲೆ ಇಟ್ಟರು. ಅವ್ವ ಪ್ಲಾಸ್ಟಿಕ್ಕನ್ನು ತಾನೇ ಬಿಚ್ಚಿ, ಮೂಸಿ ನೋಡಿ, ಆಗಬಹುದು ಅಂದಳು.

ಮೊದಲ ಸಲ ಪೆಟ್ಟಿಗೆ ತಿರುಗಿದಾಗ ಬರೀ ಹಾರ್ಮೋನಿಯಂ ಕೇಳಿಸಿತು, ಅವ್ವ ಎಲ್ಲೋ ಬಾವಿಯೊಳಗೆ. ಅಮ್ಮನ ಕಂಠಕ್ಕೆ ದಮ್ಮಿಲ್ಲ ಎಂಬುದು ಭಾವನವರ ಅಭಿಪ್ರಾಯ. ಅವ್ವ ಅಳಿಯನಿಗೆ ನಡುಮನೆ ಬಿಟ್ಟು ಒಳಕೋಣೆಗೆ ಹೋಗಿ ಬಾರಿಸಲು ಹೇಳಿದಳು, ಬಾಗಿಲು ಅರ್ಧ ಮುಚ್ಚಿಸಿದಳು. ಕೂಸಿಲ್ಲದೆ ಜೋಗುಳ ಬರಲ್ಲ ಅಂದಳು. ಖಾಲಿ ತೊಟ್ಟಿಲು ತೂಗುವ ಹಾಗಿಲ್ಲ, ಬಸುರಿ ಇರುವ ಮನೆ. ಕೊನೆಗೆ ಕೌದಿ ಮಡಿಸಿ ತೊಡೆಯ ಮೇಲೆ ಹಾಕಿಕೊಂಡು ಅದರ ಮೇಲೆ ಡಬ್ಬಿಯನ್ನು ಮಲಗಿಸಿದಳು. ಅದರ ಕಡೆಗೆ ಬಗ್ಗಿ, ಕೌದಿ ತಟ್ಟುತ್ತ ಹಾಡಿದಳು. ಹಾಡು ಮುಗಿಯುವವರೆಗೆ ನಾನು ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಪೆಟ್ಟಿಗೆ ಹಿಂದೆ ಸುತ್ತಿ ಕೇಳಿಸಿದಾಗ ಅವ್ವನಿಗೆ ಸಮಾಧಾನವಾಗಲಿಲ್ಲ. ಇದು ನನ್ನ ಧ್ವನಿಯಲ್ಲ, ಯಾರೋ ಮುದುಕಿಯದು ಅಂದಳು. ದೊಡ್ಡ ಮೈಕು ಎರಡು ದಿನ ಬಿಸಿಲು ಕಾಯ್ದು ಮತ್ತೆ ಬಾಯಿ ಬಿಟ್ಟಿತು. ತೊಳೆದ ಮೇಲೆ ಅದರ ಸ್ವರ ಶುದ್ಧವಾಗಿದೆ ಅಂತ ಭಾವನವರು ಬದುಕಿರುವ ತನಕ ಹೇಳಿಕೊಂಡು ಓಡಾಡಿದರು.

ಆಪರೇಷನ್ ಆಯಿತು. ಅವ್ವ ಬಹಳ ವರ್ಷ ಬದುಕಿದಳು, ಧ್ವನಿ ಮಾತ್ರ ಒಡೆದ ಬಿದಿರಿನ ಹಾಗಾಯಿತು, ಹಾಡಲಿಲ್ಲ. ಟೇಪಿನ ಚಕ್ರ ನಮ್ಮಲ್ಲೇ ಉಳಿಯಿತು. ಅದರಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಈಗ ಮೊಮ್ಮಗಳ ಫೋನಿಗೆ ಬಂದಿದೆ. ಪೆಟ್ಟಿಗೆ ಕಡ ತಂದಾಗಲೆಲ್ಲ ನನ್ನ ಮಗಳು ಅದನ್ನೇ ಕೇಳಿ ಮಲಗಿದಳು. ಮೊಮ್ಮಗಳು ಮಲಗಿದಳು. ಈಗ ಅವಳ ಕೂಸು.

ನಿನ್ನೆ ಮೊಮ್ಮಗಳ ಗಂಡ ಇನ್ನೊಂದು ಮೈಕಿನ ಚಿತ್ರ ತಂದ. ನಾನು ಅವನನ್ನು ಕೂರಿಸಿ ಫೋನಿನಲ್ಲಿ ಆ ಟೇಪು ಕೇಳಿಸಿದೆ. ಹಾರ್ಮೋನಿಯಂ ಪಕ್ಕದ ಮನೆಯದೇನೋ ಎಂಬಷ್ಟು ಮೆಲ್ಲಗೆ, ಮೇಲೆ ಅವ್ವನ ಕಂಠ, ನಡುವೆ ಕೌದಿ ತಟ್ಟುವ ಸದ್ದು. ಹಾಡು ಮುಗಿದ ಮೇಲೆ ಅವ್ವ ಕೇಳುತ್ತಾಳೆ:

"ಆಯ್ತಾ? ಮಲಗ್ತಾ ಇದು?"

ನನ್ನ ತೊಡೆಯ ಮೇಲಿದ್ದ ಮೊಮ್ಮಗಳ ಕೂಸು ಅಷ್ಟು ಹೊತ್ತಿಗೆ ಮಲಗಿತ್ತು. ಅವನು ಚಿತ್ರ ಮುಚ್ಚಿಟ್ಟು, ಹೆಂಡತಿಗೆ ಕೇಳಿಸದ ಹಾಗೆ, ಮನೆಯಲ್ಲಿ ಕೌದಿ ಇದೆಯಾ ಅಜ್ಜಿ ಅಂತ ಕೇಳಿದ.